ಅಕ್ಕನ ಕಾಲು ಮತ್ತು ಹದಿನಾರು ತಾಸಿನ ಹಾರಾಟ

ನನ್ನ ಅಕ್ಕ ಅಕ್ಕಲಕೋಟ ತಾಲ್ಲೂಕಿನ ನಮ್ಮ ಊರಿನಿಂದ ಪಂಢರಪುರಕ್ಕೆ ಹನ್ನೊಂದು ಸಲ ನಡೆದು ಹೋಗಿದ್ದಾಳೆ. ಸೋಲಾಪುರದ ಮೇಲೆ ಹಾದು ಹೋಗುವ ಆ ದಾರಿ ನೂರು ಕಿಲೋಮೀಟರಿಗೂ ಮಿಕ್ಕಿದ್ದು. ಆಷಾಢದ ಕೆಸರು, ನಡುನಡುವೆ ಸುರಿಯುವ ಜಡಿಮಳೆ, ತಲೆಯ ಮೇಲೆ ಗಂಟು, ಕಾಲಲ್ಲಿ ಸವೆದ ಚಪ್ಪಲಿ. ದಿಂಡಿಯೊಂದಿಗೆ ಐದು ದಿನ ನಡೆದು ಬಂದ ಮೇಲೆ ಅವಳ ಅಂಗಾಲಿನಲ್ಲಿ ಬೊಕ್ಕೆಗಳೇಳುತ್ತಿದ್ದವು, ಹಿಮ್ಮಡಿ ಒಡೆಯುತ್ತಿತ್ತು. ಆದರೆ ಕಾಲು ಬಾತುಕೊಂಡದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಅಂಥ ಕಾಲು, ಒಂದು ಹೆಜ್ಜೆಯನ್ನೂ ನಡೆಯದೆ, ಬರಿದೆ ಕುರ್ಚಿಯ ಮೇಲೆ ಕುಳಿತುಕೊಂಡು ಹನ್ನೆರಡೂವರೆ ಸಾವಿರ ಕಿಲೋಮೀಟರ್ ದಾಟಿದಾಗ ಸೋತಿತು. ಆ ಸೋಲಿನಲ್ಲಿ ನನ್ನ ಪಾಲೂ ಉಂಟು ಎಂಬುದರಿಂದಲೇ ಇದನ್ನು ಬರೆಯಲು ಕುಳಿತಿದ್ದೇನೆ.

ಅಕ್ಕನ ಮಗಳು ಅಮೆರಿಕದ ನ್ಯೂ ಜೆರ್ಸಿಯಲ್ಲಿದ್ದಾಳೆ. ನಮ್ಮ ಊರಿನ ಕನ್ನಡ ಶಾಲೆಯಲ್ಲಿ ಹಲಗೆ ಬಳಪ ಹಿಡಿದು ಅಕ್ಷರ ಕಲಿತವಳು, ಸೋಲಾಪುರದಲ್ಲಿ ಓದಿ, ಪುಣೆಯಲ್ಲಿ ಕೆಲಸ ಮಾಡಿ, ಮದುವೆಯಾಗಿ ಅಲ್ಲಿಗೆ ಹೋದಳು. ಚೊಚ್ಚಲ ಬಾಣಂತನಕ್ಕೆ ತಾಯಿ ಬರಲೇಬೇಕೆಂದು ಹಟ ಹಿಡಿದಳು. ಭಾವನವರು ಹೊಲ ಬಿಟ್ಟು ಬರುವವರಲ್ಲ. ಜೊತೆಗೆ ಹೋಗುವ ಭಾಗ್ಯ ನಿವೃತ್ತನಾದ ನನ್ನ ಪಾಲಿಗೆ ಬಂದಿತು. ನಮ್ಮ ಓದುಗರಲ್ಲಿಯೂ ಎಷ್ಟೋ ಮನೆಗಳ ಮಕ್ಕಳು ಹೀಗೆ ಕಡಲಾಚೆ ನೆಲೆಸಿದ್ದಾರೆ. ಅವರ ತಾಯಿ ತಂದೆಯರು ಎಂದಾದರೊಂದು ದಿನ ಈ ದಾರಿಯನ್ನು ಹಿಡಿಯುವವರೇ ಆಗಿದ್ದಾರೆ.

ವಿಮಾನದ ಪ್ರಯಾಣವೆಂದರೆ ವಿಮಾನದಲ್ಲಿ ಕುಳಿತಷ್ಟೇ ಹೊತ್ತು ಎಂದು ನಾವು ತಿಳಿಯುತ್ತೇವೆ. ಲೆಕ್ಕ ಹಾಕಿದರೆ ಅದು ಬೇರೆಯೇ ಆಗುತ್ತದೆ. ಊರಿನಿಂದ ಸೋಲಾಪುರಕ್ಕೆ ಎಸ್.ಟಿ. ಬಸ್ಸಿನಲ್ಲಿ ಒಂದೂವರೆ ತಾಸು. ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ. ಅಲ್ಲಿ ಮಲಗಲು ಹಲಗೆ ದೊರೆತದ್ದು ಪುಣ್ಯ. ಮುಂಬಯಿಯಲ್ಲಿ ಹಗಲೆಲ್ಲ ಬಂಧುಗಳ ಮನೆಯ ಸೋಫಾದ ಮೇಲೆ. ಸಂಜೆ ಟ್ಯಾಕ್ಸಿಯಲ್ಲಿ ಎರಡು ತಾಸು, ವಿಮಾನ ನಿಲ್ದಾಣದಲ್ಲಿ ನಾಲ್ಕು ತಾಸು. ಅದಾದ ಮೇಲೆ ನ್ಯೂಅರ್ಕಿನವರೆಗೆ ಸುಮಾರು ಹದಿನಾರು ತಾಸಿನ ಹಾರಾಟ. ಅಲ್ಲಿಂದ ಎಡಿಸನ್ ಊರಿಗೆ ಮತ್ತೆ ಕಾರು. ಕಾಲುಗಳು ಕೆಳಗೆ ಜೋತುಬಿದ್ದ ಒಟ್ಟು ಸಮಯವನ್ನು ಕೂಡಿಸಿದರೆ ಒಂದು ಹಗಲು ಒಂದು ರಾತ್ರಿಯನ್ನು ಮೀರುತ್ತದೆ.

ಟಿಕೆಟು ತೆಗೆಯುವಾಗ ನಾನು ಮೊದಲನೆಯ ತಪ್ಪನ್ನು ಪ್ರೀತಿಯಿಂದಲೇ ಮಾಡಿದೆ. ಅಕ್ಕ ಮೊದಲ ಸಲ ವಿಮಾನವೇರುವವಳು, ಹೊರಗೆ ನೋಡಲಿ ಎಂದು ಅವಳಿಗೆ ಕಿಟಕಿಯ ಆಸನವನ್ನು ಆರಿಸಿದೆ. ನಾನು ನಡುವಿನಲ್ಲಿ ಕುಳಿತೆ. ನಡೆದಾಡುವ ದಾರಿಯ ಬದಿಗೆ ಒಬ್ಬ ತರುಣಿ. ರಾತ್ರಿ ಹೊರಟ ವಿಮಾನದ ಕಿಟಕಿಯಲ್ಲಿ ಕತ್ತಲೆಯಲ್ಲದೆ ಬೇರೇನೂ ಕಾಣಲಿಲ್ಲ. ಊಟವಾದ ಮೇಲೆ ಆ ತರುಣಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಿದ್ದೆ ಹೋದಳು. ನಮ್ಮಿಬ್ಬರಿಗೂ ಬಾಗಿಲು ಹಾಕಿದಂತಾಯಿತು.

ಮೂರನೆಯ ತಾಸಿಗೋ ನಾಲ್ಕನೆಯ ತಾಸಿಗೋ ಅಕ್ಕ, "ತಮ್ಮಾ, ಕಾಲು ಜುಮುಜುಮು ಅನ್ನಾಕತ್ತಾವ" ಎಂದಳು.

"ಎದ್ದು ಒಂದೀಟು ಅಡ್ಡಾಡಿ ಬರ್ತೀ ಏನು?" ಎಂದೆ.

ಅವಳು ಮಲಗಿದ್ದ ತರುಣಿಯ ಕಡೆಗೆ ನೋಡಿ, "ಬ್ಯಾಡ. ಪಾಪ, ಮಲಗೇತಿ ಕೂಸು. ಎಬ್ಬಿಸೂದು ಚಲೋ ಅಲ್ಲ" ಎಂದಳು. ನಾನೂ ಹೌದೆಂದು ಸುಮ್ಮನಾದೆ. ಇದು ಎರಡನೆಯ ತಪ್ಪು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇನ್ನೊಬ್ಬರ ನಿದ್ದೆ ಕೆಡಿಸುವುದೆಂದರೆ ಪಾಪ ಕಟ್ಟಿಕೊಂಡಂತೆ. ತಮ್ಮ ಕಾಲು ಕೆಟ್ಟರೆ ಅದು ಲೆಕ್ಕಕ್ಕಿಲ್ಲ. ಇದರ ಮೇಲೆ ಇನ್ನೊಂದು ಲೆಕ್ಕಾಚಾರವನ್ನೂ ಅಕ್ಕ ಮಾಡಿದ್ದಳೆಂಬುದು ನನಗೆ ಆಮೇಲೆ ತಿಳಿಯಿತು. ವಿಮಾನದ ಶೌಚಾಲಯದ ಬಾಗಿಲು ತೆಗೆಯುವುದು ಹೇಗೆ, ಒಳಗೆ ನೀರು ಬರುವುದೆಲ್ಲಿ ಎಂಬುದು ತಿಳಿಯದೆ, ಕೇಳಲು ನಾಚಿ, ಅಲ್ಲಿಗೆ ಹೋಗುವ ಪ್ರಸಂಗವೇ ಬಾರದಿರಲೆಂದು ಅವಳು ನೀರನ್ನೇ ಕುಡಿಯಲಿಲ್ಲ. ಆದರೆ ಬುತ್ತಿಯಲ್ಲಿ ಕಟ್ಟಿಕೊಂಡು ಬಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ನಿಂಬೆಯ ಉಪ್ಪಿನಕಾಯಿ ಮಾತ್ರ ನಮ್ಮಿಬ್ಬರಿಗೂ ಎರಡು ಹೊತ್ತು ಆಯಿತು. ಮೈಯಲ್ಲಿ ನೀರನ್ನು ಹಿಡಿದಿಡುವುದು ಉಪ್ಪಿನ ಗುಣ. ಕುಡಿಯುವ ನೀರನ್ನು ಬಿಟ್ಟು ಉಪ್ಪನ್ನು ಹಿಡಿದೆವು.

ಅಕ್ಕನ ಎತ್ತರ ಐದು ಅಡಿಗೆ ಎರಡು ಬೆರಳು ಕಡಿಮೆ. ವಿಮಾನದ ಆಸನ ಅವಳ ಅಳತೆಯದಲ್ಲ. ಬೆನ್ನು ಆನಿಸಿ ಕುಳಿತರೆ ಪಾದ ನೆಲವನ್ನು ಮುಟ್ಟದು. ಆಸನದ ಅಂಚು ಮೊಣಕಾಲಿನ ಹಿಂದಿನ ಸಂದಿಗೆ ಒತ್ತುತ್ತದೆ. ಹೀಗೆ ಜೋತುಬಿದ್ದ ಕಾಲಿನಲ್ಲಿ ಏನು ನಡೆಯುತ್ತದೆಂಬುದನ್ನು ನಾನು ಆಗ ತಿಳಿದಿರಲಿಲ್ಲ. ಈಗ ತಿಳಿದಿದ್ದೇನೆ, ತಿಳಿದದ್ದನ್ನು ಹೇಳುತ್ತೇನೆ.

ಹೃದಯವು ರಕ್ತವನ್ನು ಕಾಲಿನವರೆಗೆ ದೂಡಬಲ್ಲದು. ಅಲ್ಲಿಂದ ಮೇಲಕ್ಕೆ ತರುವ ಕೆಲಸದಲ್ಲಿ ಅದಕ್ಕೆ ಸಹಾಯ ಬೇಕು. ಆ ಸಹಾಯವನ್ನು ಮಾಡುವುದು ಮೀನಖಂಡದ ಸ್ನಾಯು. ನಾವು ಹೆಜ್ಜೆಯಿಟ್ಟಾಗಲೆಲ್ಲ ಅದು ಬಿಗಿದು, ತನ್ನ ಒಳಗೆ ಹಾದುಹೋಗುವ ಸಿರೆಗಳನ್ನು ಹಿಂಡುತ್ತದೆ, ರಕ್ತ ಮೇಲಕ್ಕೇರುತ್ತದೆ. ಸಿರೆಗಳಲ್ಲಿ ಒಂದೇ ಕಡೆಗೆ ತೆರೆಯುವ ಸಣ್ಣ ಕವಾಟಗಳಿದ್ದು, ಏರಿದ ರಕ್ತ ಕೆಳಗಿಳಿಯದಂತೆ ತಡೆಯುತ್ತವೆ. ವೈದ್ಯರು ಮೀನಖಂಡವನ್ನು ಎರಡನೆಯ ಹೃದಯವೆಂದು ಕರೆಯುವುದು ಸುಮ್ಮನೆ ಅಲ್ಲ. ಪಂಢರಪುರದ ದಾರಿಯಲ್ಲಿ ಈ ಹೃದಯ ದಿನಕ್ಕೆ ಸಾವಿರಾರು ಸಲ ಬಡಿಯುತ್ತದೆ. ವಿಮಾನದಲ್ಲಿ ಅದು ನಿಂತುಹೋಗುತ್ತದೆ. ರಕ್ತ ಕೆಳಗಿನ ಸಿರೆಗಳಲ್ಲಿ ತಂಗುತ್ತದೆ, ಅಲ್ಲಿ ಒತ್ತಡ ಹೆಚ್ಚುತ್ತದೆ, ಕೂದಲಿಗಿಂತಲೂ ಸೂಕ್ಷ್ಮವಾದ ನಾಳಗಳ ಗೋಡೆಯಿಂದ ನೀರಿನಂಶ ಜಿನುಗಿ ಪಾದದ ಮಾಂಸದಲ್ಲಿ ನಿಲ್ಲುತ್ತದೆ. ಬಾವು ಎಂದರೆ ಇದೇ. ಬೆರಳಿನಿಂದ ಒತ್ತಿದರೆ ಹಸಿ ಕಣಕಕ್ಕೆ ಒತ್ತಿದಂತೆ ಕುಳಿ ಬೀಳುತ್ತದೆ. ಚರ್ಮ ಬಿಗಿಯುತ್ತದೆ, ಪಾದರಕ್ಷೆ ಒತ್ತುತ್ತದೆ, ನೋವು ಹುಟ್ಟುತ್ತದೆ.

ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ಎಂಬ ಗುಳಿಗೆಯನ್ನು ನಮ್ಮಲ್ಲಿ ಬಹಳ ಜನ ನುಂಗುತ್ತಾರೆ. ಅಕ್ಕನೂ ನುಂಗುತ್ತಾಳೆ. ಪಾದದ ಗಂಟಿನಲ್ಲಿ ಬಾವು ಬರಿಸುವುದು ಆ ಗುಳಿಗೆಯ ತಿಳಿದ ಅಡ್ಡ ಪರಿಣಾಮಗಳಲ್ಲಿ ಒಂದು. ಹಾಗೆಂದು ಯಾರೂ ಪ್ರಯಾಣಕ್ಕಾಗಿ ಅದನ್ನು ತಾವೇ ನಿಲ್ಲಿಸಬಾರದು. ಹೊರಡುವ ಮೊದಲು ವೈದ್ಯರಿಗೆ ತೋರಿಸಿ ಕೇಳಬೇಕು. ನಾವು ಕೇಳಿರಲಿಲ್ಲ. ವೀಸಾದ ಕಾಗದ, ತೂಕದ ಪೆಟ್ಟಿಗೆ, ಮಗುವಿನ ಕುಲಾವಿ, ಕೇರಿನ ಕಾಯಿ, ಅಳವಿ ಬೀಜ, ಅಂಟಿನ ಉಂಡೆ ಎಲ್ಲದರ ಚಿಂತೆ ನಮಗಿತ್ತು. ಕಾಲಿನ ಚಿಂತೆ ಇರಲಿಲ್ಲ.

ಎಂಟನೆಯ ತಾಸಿಗೆ ಅಕ್ಕ ಬೂಟು ಕಳಚಿದಳು. ಮಗಳು ಯಾರದೋ ಕೈಯಲ್ಲಿ ಕಳಿಸಿದ್ದ ಹೊಸ ಬೂಟು ಅವು. ಹುಟ್ಟಿದಂದಿನಿಂದ ಚಪ್ಪಲಿ ಮೆಟ್ಟಿದ ಕಾಲಿಗೆ ಅದೇ ಮೊದಲ ಸೆರೆಮನೆ. ಹತ್ತನೆಯ ತಾಸಿಗೆ ಕಾಲುಂಗುರ ಒತ್ತತೊಡಗಿತು. ಎರಡೂ ಕಾಲುಗಳ ಎರಡನೆಯ ಬೆರಳು ಬೆಳ್ಳಿಯ ಸುತ್ತಿನ ಆಚೆಗೂ ಈಚೆಗೂ ಉಬ್ಬಿ ಕೆಂಪಾಗಿತ್ತು. "ತೆಗಿ ಅಕ್ಕಾ" ಎಂದೆ. "ಅವರು ಜೀವಂತ ಇರೂತನಕ ತೆಗಿಯೂದಿಲ್ಲ" ಎಂದಳು. ಅಷ್ಟು ಎತ್ತರದಲ್ಲಿ, ಅರ್ಧರಾತ್ರಿಯಲ್ಲಿ, ಮುತ್ತೈದೆತನದ ಬಗೆಗೆ ವಾದಿಸುವ ಧೈರ್ಯ ನನಗೆ ಬರಲಿಲ್ಲ. ಕೊನೆಗೆ ನೋವು ತಾಳಲಾರದೆ ಅವಳೇ ಒಪ್ಪಿದಳು. ಆಗ ಉಂಗುರ ಒಪ್ಪಲಿಲ್ಲ. ಗಗನಸಖಿಯೊಬ್ಬಳು ಬಂದು ಅಕ್ಕನ ಕಾಲನ್ನು ನನ್ನ ತೊಡೆಯ ಮೇಲೆ ಎತ್ತರಿಸಿ ಇಡಿಸಿ, ತಣ್ಣೀರಿನ ಬಟ್ಟೆ ಸುತ್ತಿಸಿ, ಹತ್ತು ನಿಮಿಷ ತಾಳಿ, ದ್ರವ ಸಾಬೂನು ಸವರಿ ಮೆಲ್ಲಗೆ ತಿರುವಿ ಎರಡನ್ನೂ ತೆಗೆದುಕೊಟ್ಟಳು. ಅಕ್ಕ ಅವನ್ನು ಸೆರಗಿನ ತುದಿಗೆ ಕಟ್ಟಿ ಗಂಟುಹಾಕಿದಳು. ಈ ಗಲಾಟೆಗೆ ಎಚ್ಚರವಾದ ಬದಿಯ ತರುಣಿ, ನಮ್ಮನ್ನು ಮೊದಲೇ ಎಬ್ಬಿಸಬಾರದಾಗಿತ್ತೇ ಎಂದು ಮರಾಠಿಯಲ್ಲಿ ಕೇಳಿದಳು! ಅವಳು ಸಾಂಗಲಿಯವಳಂತೆ. ನಾವು ಹತ್ತು ತಾಸು ಅವಳನ್ನು ಪರದೇಶದವಳೆಂದೇ ತಿಳಿದು ಹೆದರಿ ಕುಳಿತಿದ್ದೆವು.

ಇಳಿಯುವಾಗ ಬೂಟು ಏರಲಿಲ್ಲ. ಹಿಮ್ಮಡಿಯನ್ನು ತುಳಿದು ಚಪ್ಪಲಿಯಂತೆ ಎಳೆದುಕೊಂಡು ಅಕ್ಕ ಬಾಗಿಲಿಗೆ ಬಂದಳು. ಅಲ್ಲಿ ಗಾಲಿಕುರ್ಚಿ ಕಾಯುತ್ತಿತ್ತು. ಇದರ ಬಗೆಗೆ ಒಂದು ಮಾತು ಹೇಳಬೇಕು. ನಮ್ಮ ಭಾಗದ ತಾಯಿ ತಂದೆಯರಿಗೆ ಮಕ್ಕಳು ಗಾಲಿಕುರ್ಚಿಯನ್ನು ಕೇಳಿಡುವುದು ಕಾಲಿನ ಸಲುವಾಗಿ ಅಲ್ಲ, ಭಾಷೆಯ ಸಲುವಾಗಿ. ಕನ್ನಡ ಮರಾಠಿ ಬಿಟ್ಟು ಬೇರೆ ಮಾತು ಬಾರದವರನ್ನು ದೂಡಿಕೊಂಡು ಹೋಗುವವನು ಸರಿಯಾದ ಸಾಲಿಗೆ ಮುಟ್ಟಿಸುತ್ತಾನೆ, ದಾರಿ ತಪ್ಪುವ ಭಯವಿಲ್ಲ. ಉಪಾಯ ಒಳ್ಳೆಯದೇ. ಆದರೆ ಹದಿನಾರು ತಾಸು ಕುಳಿತ ಕಾಲಿಗೆ ನಡೆಯಲು ದೊರೆತ ಮೊದಲ ಅವಕಾಶವನ್ನು ಆ ಕುರ್ಚಿ ಕಸಿದುಕೊಂಡಿತು. ಕೈಚೀಲವನ್ನು ಕುರ್ಚಿಯ ಮೇಲಿಟ್ಟು, ತಾನು ಅದರ ಜೊತೆ ನಡೆಯಲು ಸಾಧ್ಯವಾಗುವವರು ನಡೆಯಬಹುದು, ದೂಡುವವರು ಬೇಡವೆನ್ನುವುದಿಲ್ಲ. ಬರುವಾಗ ನಾವು ಹಾಗೆಯೇ ಮಾಡಿದೆವು.

ಎಡಿಸನ್ನಿನಲ್ಲಿ ಅದು ಅಕ್ಟೋಬರ್ ತಿಂಗಳು. ಬೀದಿಯ ಮರಗಳೆಲ್ಲ ಕುಂಕುಮ ಅರಿಸಿನ ಎರಚಿಕೊಂಡಂತೆ ನಿಂತಿದ್ದವು. ನೋಡುವ ಉತ್ಸಾಹ ಅಕ್ಕನಿಗಿರಲಿಲ್ಲ. ಎರಡು ದಿನ ದಿಂಬಿನ ಮೇಲೆ ಕಾಲಿಟ್ಟು ಮಲಗಿದಳು. ಬಲಗಾಲು ಇಳಿಯಿತು. ಎಡಗಾಲು ಪಾದದಲ್ಲಿ ಇಳಿದು, ಮೀನಖಂಡದಲ್ಲಿ ಉಳಿಯಿತು. ವಿಮಾನದ ಬಾವು, ತಾನೇ ಹೋಗುತ್ತದೆ ಎಂದು ನಾನು ಎರಡು ಸಲ ಹೇಳಿದೆನೆಂದು ನೆನಪು. ಮೂರನೆಯ ಸಂಜೆ ಅಕ್ಕ, "ಕೊಬ್ಬರಿ ಎಣ್ಣಿ ಬಿಸಿ ಮಾಡಿ ತಿಕ್ಕವ್ವಾ, ಒಳಗ ಹಿಡದೈತಿ" ಎಂದು ಮಗಳಿಗೆ ಹೇಳಿದಳು. ಎಂಟು ತಿಂಗಳ ಬಸುರಿ ಎಣ್ಣೆಯ ಬಟ್ಟಲು ಹಿಡಿದು ನೆಲಕ್ಕೆ ಕುಳಿತವಳು, ಸೀರೆಯನ್ನು ಸರಿಸಿ ನೋಡಿ, ಬಟ್ಟಲನ್ನು ಕೆಳಗಿಟ್ಟಳು.

"ಮಾಮಾ, ಬರ್ರಿ ಇಲ್ಲೆ. ಒಂದ ಕಾಲಷ್ಟ ಬಾತೈತಿ ನೋಡ್ರಿ. ಮುಟ್ಟಿದರ ಬಿಸಿ ಹತ್ತತೈತಿ."

ಬಸುರಿಯರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚೆಂದು ಅವಳಿಗೆ ಅವಳ ವೈದ್ಯೆ ಹೇಳಿ ಲಕ್ಷಣಗಳನ್ನು ತಿಳಿಸಿದ್ದರಂತೆ. ತನಗಾಗಿ ಕೇಳಿಸಿಕೊಂಡದ್ದು ತಾಯಿಯನ್ನು ಉಳಿಸಿತು. ಎಣ್ಣೆ ತಿಕ್ಕಲಿಲ್ಲ. ಅದೇ ರಾತ್ರಿ ಆಸ್ಪತ್ರೆಗೆ ಹೋದೆವು. ಹೊಟ್ಟೆಯೊಳಗಿನ ಮಗುವನ್ನು ನೋಡುವ ಯಂತ್ರದಂಥದೇ ಯಂತ್ರವನ್ನು ಅಕ್ಕನ ಕಾಲಿನ ಮೇಲೆ ಆಡಿಸಿದರು. ಮೊಣಕಾಲಿನ ಹಿಂದಿನ ಆಳದ ಸಿರೆಯಲ್ಲಿ ಹೆಪ್ಪು ಇತ್ತು. ಪರದೆಯ ಮೇಲೆ ಅದನ್ನು ನಮಗೂ ತೋರಿಸಿದರು. ತುಂಬಿ ಹರಿಯಬೇಕಾದ ಕಾಲುವೆಯಲ್ಲಿ ಕಲ್ಲು ಸಿಕ್ಕಿಕೊಂಡಂತೆ ಕಂಡಿತು. ಈ ಹೆಪ್ಪಿನ ತುಂಡು ಕಿತ್ತು ರಕ್ತದೊಡನೆ ಮೇಲೇರಿ ಶ್ವಾಸಕೋಶಕ್ಕೆ ಸಿಕ್ಕಿಕೊಂಡರೆ ಪ್ರಾಣವೇ ಹೋಗಬಹುದು. ತಿಕ್ಕಿದರೆ ಏನಾಗುತ್ತಿತ್ತು ಎಂದು ಮಗಳು ಕೇಳಿದಳು. ಹೆಪ್ಪಿರುವ ಕಾಲನ್ನು ತಿಕ್ಕಬಾರದು ಎಂದಷ್ಟೇ ವೈದ್ಯರು ಹೇಳಿದರು. ಅಕ್ಕನಿಗೆ ಇದನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದಾಯಿತು. ಐವತ್ತು ವರ್ಷ ಮನೆಮಂದಿಗೆಲ್ಲ ಎಣ್ಣೆ ತಿಕ್ಕಿ ನೋವು ಕಳೆದವಳಿಗೆ, ಎಣ್ಣೆ ತಿಕ್ಕುವುದೇ ಅಪಾಯವೆಂದು ಹೇಳುವುದು ಸುಲಭವಾಗಿರಲಿಲ್ಲ.

ಕತ್ತರಿಯ ಚಿಕಿತ್ಸೆಯೇನೂ ಬೇಕಾಗಲಿಲ್ಲ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಳಿಗೆಗಳನ್ನು ಮೂರು ತಿಂಗಳು ತಪ್ಪದೆ ಕೊಡಬೇಕೆಂದರು. ಬೇರೆ ನೋವಿನ ಗುಳಿಗೆಯನ್ನು ಕೇಳದೆ ನುಂಗುವಂತಿಲ್ಲ, ಬಿದ್ದು ಪೆಟ್ಟು ಮಾಡಿಕೊಳ್ಳುವಂತಿಲ್ಲ. ಆದರೆ ನಡೆಯಬಹುದು, ನಡೆಯಬೇಕು. ಆ ಮಾತು ಅಕ್ಕನಿಗೆ ತಿಳಿಯಿತು. ಬಾಣಂತನ ಮಾಡಲು ಹೋದವಳಿಗೆ ಮಗಳೇ ಒಂದು ತಿಂಗಳು ಆರೈಕೆ ಮಾಡಿದಳು. ಹೊರಡುವಾಗ ಅಳಿಯ ಪ್ರವಾಸದ ವಿಮೆ ಮಾಡಿಸಿದ್ದನ್ನು ನಾನು ದುಂದುವೆಚ್ಚವೆಂದು ಗೊಣಗಿದ್ದೆ. ಆಸ್ಪತ್ರೆಯ ಬಿಲ್ಲನ್ನು ಕಂಡ ಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಚಳಿಗೆ ಹೊರಗೆ ಹೋಗಲಾಗದ ಆ ದಿನಗಳಲ್ಲಿ ನಾನು ಈ ವಿಷಯವನ್ನು ಕುರಿತು ಓದಿದೆ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಜನ ರಾತ್ರಿಯೆಲ್ಲ ನೆಲದಡಿಯ ಆಶ್ರಯಗಳಲ್ಲಿ ಕುಳಿತಿರುತ್ತಿದ್ದರು. ಬಾಂಬಿನಿಂದ ಉಳಿದವರಲ್ಲಿ ಕೆಲವರು ಬೆಳಿಗ್ಗೆ ಎದ್ದು ನಾಲ್ಕು ಹೆಜ್ಜೆ ನಡೆದು ಕುಸಿದು ಸಾಯುವುದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಗಮನಿಸಿದರು. ಕಾರಣ, ಅವರು ಮಡಿಸುವ ಬಟ್ಟೆಯ ಕುರ್ಚಿಗಳಲ್ಲಿ ಕುಳಿತೇ ನಿದ್ರಿಸುತ್ತಿದ್ದರು. ಮುಂದಿನ ಮರದ ಅಡ್ಡಪಟ್ಟಿ ತೊಡೆಯ ಕೆಳಭಾಗವನ್ನು ಒತ್ತುತ್ತಿತ್ತು. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಏರುತ್ತಿತ್ತು. 1954ರಲ್ಲಿ ಅಮೆರಿಕದ ಜಾನ್ ಹೋಮನ್ಸ್ ಎಂಬ ಶಸ್ತ್ರವೈದ್ಯರು, ಬಹಳ ಹೊತ್ತು ಕುಳಿತವರ ಕಾಲಿನಲ್ಲಿ ಹೆಪ್ಪುಗಟ್ಟಿದ ಪ್ರಸಂಗಗಳನ್ನು ಬರೆದಾಗ ಅದರಲ್ಲಿ ವಿಮಾನಪ್ರಯಾಣವೂ ಸೇರಿತ್ತು. ಮುಂದೆ ಇದಕ್ಕೆ ಅಗ್ಗದ ದರ್ಜೆಯ ರೋಗವೆಂಬ ಹೆಸರೂ ಬಿದ್ದಿತು. ಆ ಹೆಸರು ಸರಿಯಲ್ಲ. ದುಬಾರಿ ಆಸನದಲ್ಲಿ ಕದಲದೆ ಕುಳಿತವರಿಗೂ ಇದು ಬರುತ್ತದೆ. ಕಾರಿನಲ್ಲಿ, ಬಸ್ಸಿನಲ್ಲಿ, ರೈಲಿನಲ್ಲಿ ಕುಳಿತವರಿಗೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಾಲ್ಕು ತಾಸಿಗೂ ಮಿಕ್ಕಿದ ಪ್ರಯಾಣದ ಬಳಿಕ ಹೆಪ್ಪಿನ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಪುಣೆ ಮುಂಬಯಿಗಳಿಗೆ ರಾತ್ರಿಯ ಬಸ್ಸಿನಲ್ಲಿ ಹೋಗಿಬರುವ ನಮ್ಮ ಹುಡುಗರೂ ಇದನ್ನು ನೆನಪಿಡಬೇಕು.

ಇಮ್ಮಡಿ ಎಂಬ ಶಬ್ದಕ್ಕೆ ಹೆದರಿ ಯಾರೂ ಟಿಕೆಟು ರದ್ದು ಮಾಡಬೇಕಿಲ್ಲ. ಅದೇ ವರದಿಯಂತೆ, ಆರೋಗ್ಯವಂತರಲ್ಲಿ ಸುಮಾರು 6,000 ಜನರಿಗೆ ಒಬ್ಬರಲ್ಲಿ ಮಾತ್ರ ಹೀಗಾಗುತ್ತದೆ. ಎರಡೂ ಪಾದಗಳು ಸಮನಾಗಿ ಬಾತು, ನೋವು ಅಷ್ಟಿಲ್ಲದೆ, ನಡೆದಾಡಿದ ಮೇಲೆ, ಕಾಲನ್ನು ಎತ್ತರಿಸಿ ಮಲಗಿದ ಮೇಲೆ ಒಂದೆರಡು ದಿನಗಳಲ್ಲಿ ಇಳಿದರೆ ಅದು ಬರಿಯ ಬಾವು; ಬಹುತೇಕ ಜನರದು ಇದೇ. ಒಂದೇ ಕಾಲು ಬಾತು, ಮೀನಖಂಡ ನೋಯುತ್ತ, ಬಿಸಿಯಾಗಿ ಕೆಂಪಾದರೆ ಅದು ಬೇರೆ. ಅದು ವಿಮಾನ ಇಳಿದ ದಿನವೇ ಬರಬೇಕೆಂದಿಲ್ಲ. ವಾರಗಳ ಮೇಲೆಯೂ ಬರಬಹುದು. ಒಮ್ಮೆಲೇ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಬೆಳಗಾಗುವುದನ್ನು ಕಾಯಬಾರದು. ವಯಸ್ಸಾದವರು, ಸ್ಥೂಲದೇಹದವರು, ಬಸುರಿ ಬಾಣಂತಿಯರು, ಸಂತಾನನಿಯಂತ್ರಣದ ಗುಳಿಗೆ ನುಂಗುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಅರ್ಬುದರೋಗದವರು, ಹಿಂದೊಮ್ಮೆ ಹೆಪ್ಪು ಆದವರು ಹೊರಡುವ ಮೊದಲೇ ವೈದ್ಯರನ್ನು ಕಾಣಬೇಕು. ಬಹಳ ಎತ್ತರದವರಿಗೂ ಬಹಳ ಕುಳ್ಳರಿಗೂ ಅಪಾಯ ಹೆಚ್ಚೆಂದು ಓದಿದಾಗ, ನೆಲ ಮುಟ್ಟದ ಅಕ್ಕನ ಪಾದಗಳು ನನ್ನ ಕಣ್ಣಮುಂದೆ ಬಂದವು.

ವಿಮಾನದೊಳಗಿನ ಗಾಳಿಯೂ ನೆಲದ ಗಾಳಿಯಲ್ಲ. ಅಲ್ಲಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ಊಟಿಯಲ್ಲಿ ಕುಳಿತಂತೆ ಎನ್ನಬಹುದು. ಆದರೆ ಊಟಿಯ ತಂಪು ತೇವ ಅಲ್ಲಿಲ್ಲ, ನಮ್ಮ ಚೈತ್ರದ ಬಿಸಿಲಿಗಿಂತ ಒಣಗಾಳಿ. ತುಟಿ ಬಿರಿಯುತ್ತದೆ. ಆದುದರಿಂದ ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯುವುದು ಒಳ್ಳೆಯದು. ನೀರಿಗೆ ಇನ್ನೊಂದು ಗುಣವುಂಟು, ಅದು ಶೌಚಾಲಯದ ನೆವದಲ್ಲಿ ನಮ್ಮನ್ನು ಎಬ್ಬಿಸಿ ನಡೆಸುತ್ತದೆ. ಮದ್ಯವಾಗಲಿ ನಿದ್ದೆಯ ಗುಳಿಗೆಯಾಗಲಿ ಮಾಡುವುದು ಇದಕ್ಕೆ ತಿರುಗುಮುರುಗು.

ಮಾರ್ಚ್ ತಿಂಗಳಲ್ಲಿ ಮರಳುವಾಗ ನಾವು ಬೇರೆಯೇ ಜನರಾಗಿದ್ದೆವು. ಅಕ್ಕನಿಗೆ ದಾರಿಬದಿಯ ಆಸನ. ಕಾಲಿಗೆ ಮೊಣಕಾಲಿನವರೆಗೆ ಬರುವ ಬಿಗಿ ಕಾಲುಚೀಲ. ಇದು ಸಾಮಾನ್ಯ ಕಾಲುಚೀಲವಲ್ಲ; ಪಾದದ ಗಂಟಿನ ಹತ್ತಿರ ಹೆಚ್ಚು ಬಿಗಿ, ಮೇಲಕ್ಕೆ ಹೋದಂತೆ ಸಡಿಲ. ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಪ್ರಯಾಣಕ್ಕೆ 15ರಿಂದ 30ರೊಳಗಿನದು ಸಾಕು. ಕಾಲಿನ ಸುತ್ತಳತೆ ತೆಗೆದು ಕೊಳ್ಳಬೇಕು, ಬೆಳಿಗ್ಗೆ ಬಾವು ಬರುವ ಮೊದಲೇ ಹಾಕಿಕೊಳ್ಳಬೇಕು, ಮೇಲಂಚು ಮಡಿಚಿ ಸುರುಳಿಯಾಗಲು ಬಿಡಬಾರದು. ಸುರುಳಿಯಾದರೆ ಅದೇ ಹುರಿಯಂತೆ ಬಿಗಿಯುತ್ತದೆ. ಇಂಥ ಕಾಲುಚೀಲ ತೊಟ್ಟವರಲ್ಲಿ ಬಾವು ಕಡಿಮೆ, ಲಕ್ಷಣ ತೋರದ ಸಣ್ಣ ಹೆಪ್ಪುಗಳೂ ಕಡಿಮೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಕಾಲಿಗೆ ರಕ್ತ ಸರಿಯಾಗಿ ಬಾರದವರು, ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು ಕೇಳದೆ ತೊಡಬಾರದು. ಹಾರಾಟದ ದಿನಕ್ಕೆಂದು ವೈದ್ಯರು ಅಕ್ಕನಿಗೆ ಗುಳಿಗೆಯನ್ನೂ ಬರೆದುಕೊಟ್ಟಿದ್ದರು. ಅದು ಅವಳ ಇತಿಹಾಸಕ್ಕೆ ಕೊಟ್ಟದ್ದು. ಎಲ್ಲರೂ ಆಸ್ಪಿರಿನ್ ನುಂಗಿ ಏರಬೇಕೆಂಬ ಮಾತು ನಮ್ಮವರಲ್ಲಿ ಓಡಾಡುತ್ತಿದೆ. ಬರಿಯ ಪ್ರಯಾಣಕ್ಕಾಗಿ ಅದನ್ನು ನುಂಗಲು ವೈದ್ಯಶಾಸ್ತ್ರ ಹೇಳುವುದಿಲ್ಲ.

ಹೊಸ ಬೂಟುಗಳನ್ನು ಮಗಳ ಮನೆಯಲ್ಲಿಯೇ ಬಿಟ್ಟು, ಪಟ್ಟಿಯನ್ನು ಸಡಿಲಿಸಬಹುದಾದ ಹಳೆಯ ಅಗಲ ಪಾದರಕ್ಷೆ ಮೆಟ್ಟಿದಳು. ಬರಿಯ ಕಾಲುಚೀಲದಲ್ಲಿ ಶೌಚಾಲಯಕ್ಕೆ ಹೋಗಬೇಡವೆಂದು ಮಗಳು ಎಚ್ಚರಿಸಿದ್ದಳು. ಆ ನೆಲದ ಮೇಲೆ ಇರುವುದು ನೀರೇ ಎಂದು ಯಾರೂ ಭರವಸೆ ಕೊಡಲಾರರು. ಕಾಲುಂಗುರವನ್ನು ಅಕ್ಕ ಬಿಡಲಿಲ್ಲ. ಆದರೆ ಅಳಿಯ ಬಾಯಿ ತೆರೆದ, ಹಿಗ್ಗಿಸಬಹುದಾದ ಸುತ್ತಿನ ಜೋಡಿಯೊಂದನ್ನು ಓಕ್ ಟ್ರೀ ರಸ್ತೆಯ ಅಂಗಡಿಯಲ್ಲಿ ಹುಡುಕಿ ತಂದಿದ್ದ. ಕೈಚೀಲವನ್ನು ಕಾಲಿನ ಮುಂದೆ ಅಡ್ಡವಾಗಿ ಇಟ್ಟು ಅದರ ಮೇಲೆ ಪಾದ ಊರಿದಳು. ಆಸನದ ಅಂಚು ತೊಡೆಯನ್ನು ಒತ್ತುವುದು ನಿಂತಿತು. ಬುತ್ತಿಯಲ್ಲಿ ಉಪ್ಪಿನಕಾಯಿ ಇರಲಿಲ್ಲ. ಅದನ್ನು ಮಾತ್ರ ಅವಳು ಇಂದಿಗೂ ಕ್ಷಮಿಸಿಲ್ಲ.

ಕುಳಿತಲ್ಲಿಯೇ ಮಾಡುವ ವ್ಯಾಯಾಮವನ್ನು ಆಸ್ಪತ್ರೆಯ ದಾದಿಯೊಬ್ಬರು ಕಲಿಸಿದ್ದರು. ಹಿಮ್ಮಡಿಯನ್ನು ನೆಲಕ್ಕೆ ಊರಿ ಬೆರಳುಗಳನ್ನು ಮೇಲೆತ್ತುವುದು. ಬೆರಳುಗಳನ್ನು ಊರಿ ಹಿಮ್ಮಡಿಯನ್ನೆತ್ತುವುದು. ಪಾದವನ್ನು ಗಾಳಿಯಲ್ಲಿ ಸುತ್ತಿಸುವುದು. ಹೊಲಿಗೆಯ ಯಂತ್ರ ತುಳಿದಂತೆ ಎಂದು ಅಕ್ಕನಿಗೆ ಹೇಳಿದೆ. ಅವಳು ತನ್ನದೇ ಹೋಲಿಕೆಯನ್ನು ಕಂಡುಕೊಂಡಳು. ದಿಂಡಿಯಲ್ಲಿ ತಾಳಕ್ಕೆ ಹೆಜ್ಜೆ ಹಾಕಿದಂತೆ. ಬಾಯಿಯೊಳಗೇ ವಿಠ್ಠಲನ ನಾಮ, ಕೆಳಗೆ ಹಿಮ್ಮಡಿಯ ತಾಳ. ಎರಡು ತಾಸಿಗೊಮ್ಮೆ ಎದ್ದು ವಿಮಾನದ ಹಿಂಭಾಗದವರೆಗೆ ಹೋಗಿ, ಅಲ್ಲಿ ಗೋಡೆ ಹಿಡಿದು ತುದಿಗಾಲಿನ ಮೇಲೆ ಇಪ್ಪತ್ತು ಸಲ ಎದ್ದು ಇಳಿದು ಬರುತ್ತಿದ್ದಳು. ಮೂರನೆಯ ಸರದಿಗೆ ಅವಳ ಜೊತೆ ಸಾತಾರೆಯ ಕಡೆಯ ಒಬ್ಬ ಮುದುಕಿ ಸೇರಿದಳು. ಐದನೆಯದಕ್ಕೆ ಗುಜರಾತಿನ ದಂಪತಿಗಳು. ನಾನು ನೀರು ಕೇಳಲು ಹೋದಾಗ ಪರದೆಯ ಹಿಂದೆ ನಾಲ್ಕು ಜನ ಸಾಲಾಗಿ ನಿಂತು ಹಿಮ್ಮಡಿ ಎತ್ತುತ್ತಿದ್ದರು. ಅಕ್ಕ ಮುಂದೆ ನಿಂತು, ಮುರುಕು ಮರಾಠಿಯಲ್ಲಿ, "ಸಾವಕಾಶ, ಸಾವಕಾಶ" ಎನ್ನುತ್ತಿದ್ದಳು. ಬೆಳಕಿನ ಫಲಕ ಹೊತ್ತಿ ಎಲ್ಲರೂ ಪಟ್ಟಿ ಕಟ್ಟಿಕೊಳ್ಳಬೇಕೆಂದು ಸೂಚನೆ ಬಂದಾಗ ಮಾತ್ರ ಆ ದಿಂಡಿ ಚದುರಿತು. ವಿಮಾನ ಅಲುಗಾಡುವಾಗ ನಡೆಯಬಾರದೆಂಬುದನ್ನು ಇಲ್ಲಿ ಸೇರಿಸಿಬಿಡುತ್ತೇನೆ. ಬಿದ್ದು ಮೂಳೆ ಮುರಿದರೆ ಅದರ ಕತೆ ಬೇರೆ.

ಮುಂಬಯಿಯಲ್ಲಿ ಇಳಿದಾಗ ಕಾಲು ಬಾತಿರಲಿಲ್ಲ ಎಂದು ಹೇಳಲಾರೆ. ಬಾತಿತ್ತು, ಎರಡೂ ಕಾಲು, ಸಮನಾಗಿ. ಮಗಳು ಕೊಟ್ಟಿದ್ದ ಅಳತೆಯ ಪಟ್ಟಿಯಿಂದ ಮೀನಖಂಡಗಳನ್ನು ಅಳೆದೆ. ಎಡಕ್ಕೂ ಬಲಕ್ಕೂ ಅರ್ಧ ಬೆರಳಿನ ಅಂತರವೂ ಇರಲಿಲ್ಲ. ಸೋಲಾಪುರ ಮುಟ್ಟಿ, ಒಂದು ರಾತ್ರಿ ದಿಂಬಿನ ಮೇಲೆ ಕಾಲಿಟ್ಟು ಮಲಗಿ ಎದ್ದಾಗ ಪಾದದ ಗಂಟಿನ ಎಲುಬು ಮೊದಲಿನಂತೆ ಕಾಣಿಸಿತು.

ಜೂನ್ ತಿಂಗಳಲ್ಲಿ ಅಕ್ಕನನ್ನು ಸೋಲಾಪುರದ ವೈದ್ಯರಿಗೆ ತೋರಿಸಲು ಕರೆದುಕೊಂಡು ಹೋದೆ. ಕಾಲನ್ನು ಪರೀಕ್ಷಿಸಿ, ಅಮೆರಿಕದ ಕಾಗದಗಳನ್ನು ಓದಿ, ಎಲ್ಲ ಚೆನ್ನಾಗಿದೆ ಎಂದರು. ಅಕ್ಕ ಕೇಳಬೇಕೆಂದಿದ್ದ ಪ್ರಶ್ನೆ ಒಂದೇ. ಪಂಢರಪುರಕ್ಕೆ ನಡೆದು ಹೋಗಬಹುದೇ? ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡೀಬಹುದು ಅವ್ವಾ, ಕಾಲುಚೀಲ ಮಾತ್ರ ತಗೀಬ್ಯಾಡ್ರಿ. ಬರೂ ಮುಂದ ಬಸ್ಸಿನ್ಯಾಗ ಒಂದ ಕಡೆ ಕೂಡಬ್ಯಾಡ್ರಿ" ಎಂದರು.

ಆಷಾಢದಲ್ಲಿ ಅವಳು ಹನ್ನೆರಡನೆಯ ಸಲ ಹೊರಟಳು. ಮೋಹೋಳದ ಹತ್ತಿರ ಮಳೆಯಲ್ಲಿ ಕಾಲುಚೀಲಗಳು ತೊಯ್ದು ಮಣ್ಣಾದವೆಂದು ಫೋನಿನಲ್ಲಿ ಹೇಳಿದಳು. ಇನ್ನೊಂದು ಜೊತೆಯನ್ನು ನಾನು ಬಸ್ಸಿನಲ್ಲಿ ಕೊಟ್ಟು ಕಳಿಸಿದೆ.